ಏಳನೇ ಸೇತುವೆಯ ಡಬ್ಬಿ

ಹೋಬಾರ್ಟ್, ಟಾಸ್ಮೇನಿಯಾ
18 ಫೆಬ್ರವರಿ 2024

ಪ್ರೀತಿಯ ಬೆರಿಲ್,

ಅಕ್ಷರ ಯಾಕೆ ಇಷ್ಟು ದಪ್ಪ ಎಂದು ಹುಬ್ಬೇರಿಸಬೇಡ. ಹೊಸ ಪೆನ್ನು ಕೊಂಡಿದ್ದೇನೆ, ಅದು ಬರೆಯುವುದೇ ಹೀಗೆ. ಇಲ್ಲಿ ವಿಪರೀತ ಸೆಕೆ. ನೀನು ಅಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು, ತಮ್ಮನ ಕಾಗದ ಓದಲು ಕನ್ನಡಕ ಹುಡುಕುತ್ತಿರುತ್ತೀಯ. ತಲೆಯ ಮೇಲೆ ಮುಟ್ಟಿ ನೋಡಿಕೊ, ಅಲ್ಲೇ ಇರುತ್ತದೆ.

ಒಂದು ಕೆಲಸ ಆಗಬೇಕು. 2011ರಲ್ಲಿ ಊರಿಗೆ ಬಂದಾಗ ಕಾಲುವೆಯ ಏಳು ಸೇತುವೆಗಳಲ್ಲಿ ಏಳು ಡಬ್ಬಿ ಬಚ್ಚಿಟ್ಟು ಹೋದೆನಲ್ಲ, ಅದರ ವಿಷಯ. ಊರಲ್ಲಿದ್ದು ಡಬ್ಬಿಗಳನ್ನು ನೋಡಿಕೊಳ್ಳುವವರು ಒಬ್ಬರು ಇರಲೇಬೇಕೆಂಬ ನಿಯಮಕ್ಕೆ ನಿನ್ನ ಹೆಸರು ಬರೆದುಕೊಟ್ಟಾಗ ನೀನು ಬೈದದ್ದು ಇನ್ನೂ ಕಿವಿಯಲ್ಲಿದೆ. "ಜಿಯೋಕ್ಯಾಶಿಂಗ್ ಅಂತೆ. ಬೆಳೆದ ಗಂಡಸರು ಫೋನ್ ಹಿಡ್ಕೊಂಡು ಪೊದೆಯೊಳಗೆ ಡಬ್ಬಿ ಹುಡುಕೋದು, ಸಿಕ್ಕಿದ್ರೆ ಅದರಲ್ಲಿರೋ ಪುಸ್ತಕಕ್ಕೆ ಸಹಿ ಹಾಕಿ ಮತ್ತೆ ಅಲ್ಲೇ ಇಟ್ಟು ಬರೋದು. ಇದಕ್ಕಿಂತ ಮನೇಲಿ ಬಟ್ಟೆ ಮಡಿಸ್ಬಾರ್ದಾ?" ಅಂದಿದ್ದೆ. ಈಗ ನನಗಿಂತ ಹೆಚ್ಚು ಡಬ್ಬಿ ಕಂಡುಹಿಡಿದವಳು ನೀನೇ.

ಏಳನೇ ಡಬ್ಬಿಯ ಪುಸ್ತಕದಲ್ಲಿ ಮೊದಲ ಪುಟ ಅಮ್ಮನದು. ಎಂಬತ್ತಾರು ವರ್ಷದ ಅಮ್ಮನನ್ನು ಸೇತುವೆಯ ಕೆಳಗೆ ಕರೆದುಕೊಂಡು ಹೋಗಿ ನಾನೇ ಬರೆಸಿದ್ದು. ಬರೆಯುವಾಗ ಅಂಗೈ ಅಡ್ಡ ಇಟ್ಟಳು, ಡಬ್ಬಿಯನ್ನೂ ತಾನೇ ಮುಚ್ಚಿದಳು. ಏನು ಬರೆದೆ ಎಂದರೆ, "ಮುಂದಿನ ಸಲ ಬಂದಾಗ ನೀನೇ ತೆಗೆದು ಓದ್ಕೊ" ಅಂದಳು. ಮುಂದಿನ ಸಲ ಬರಲೇ ಇಲ್ಲ. ಅವಳ ಮಣ್ಣಿಗೂ ಬರಲಿಲ್ಲ. ಹತ್ತು ವರ್ಷವಾಯಿತು.

ಆ ಪುಟವನ್ನು ನಾನು ನೋಡಬೇಕು ಬೆರಿಲ್. ಒಂದು ಫೋಟೊ ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ ಕಳಿಸು. ಅವಸರವೇನಿಲ್ಲ. ಆದರೂ ಬೇಗ ಆದರೆ ಒಳ್ಳೆಯದು.

ನಿನ್ನ,
ಕ್ಲೈವ್


ಬರ್ಸ್ಲೆಮ್, ಸ್ಟಾಫರ್ಡ್‌ಶೈರ್
10 ಮಾರ್ಚ್ 2024

ಪ್ರೀತಿಯ ಕ್ಲೈವ್,

ಕನ್ನಡಕ ತಲೆಯ ಮೇಲೇ ಇತ್ತು. ಅದಕ್ಕೆ ನಿನಗೆ ನಮಸ್ಕಾರ.

ಗುರುವಾರ ಹೊರಟೆ. ಚೀಸ್ ಹಾಕಿದ ಎರಡು ಓಟ್ ರೊಟ್ಟಿ, ಫ್ಲಾಸ್ಕಿನಲ್ಲಿ ಚಹಾ, ಅಡುಗೆಮನೆಯ ಕಿಟಕಿಯಲ್ಲಿರುವ ಹಿಡಿಕೆ ಇಲ್ಲದ ಕಪ್ಪಿನಿಂದ ಎರಡು ಪೆನ್ಸಿಲು. ಪೆನ್ನಿನಲ್ಲಿ ಸಹಿ ಹಾಕಿದರೆ ಮೊದಲ ತೇವಕ್ಕೇ ಮಸಿ ಹರಡುತ್ತದೆ ಎಂದು ಎಷ್ಟು ಸಲ ಬರೆದು ಅಂಟಿಸಿದರೂ ಜನ ಪೆನ್ನೇ ತರುತ್ತಾರೆ. ಮೊದಲ ಡಬ್ಬಿಯಲ್ಲಿ ಯಾರೋ ಮಗು ಗೋಲಿ ಒಯ್ದು ಬದಲಿಗೆ ಒಂದು ಪ್ಲಾಸ್ಟಿಕ್ ಹಸು ಇಟ್ಟಿತ್ತು. ಎರಡನೆಯದರ ಮುಚ್ಚಳದ ರಬ್ಬರ್ ಬದಲಿಸಿದೆ. ಮೂರನೆಯದರ ಹತ್ತಿರ ಹ್ಯಾನಾ ಪೋವಿಯ ಹೆಸರಿನ ಕಬ್ಬಿಣದ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದಾರೆ. "ಜೇಡಿಮಣ್ಣು ಸಾಗಿಸುವ ದೋಣಿ ನಡೆಸುತ್ತ, ಸೇತುವೆಗಳ ಅಡಿಯಲ್ಲಿ ಸೀಮೆಸುಣ್ಣದಿಂದ ಪದ್ಯ ಬರೆದವಳು" ಎಂದು ಬರೆದಿದೆ. ಅವಳ ಗಂಡನ ಹೆಸರನ್ನು ಅವಳ ಹೆಸರಿಗಿಂತ ದೊಡ್ಡದಾಗಿ ಹಾಕಿದ್ದಾರೆ. ಆ ಮನುಷ್ಯ ಒಂದು ಸಾಲು ಬರೆದವನಲ್ಲ, ಬಹುಶಃ ಒಂದು ತಟ್ಟೆ ತೊಳೆದವನೂ ಅಲ್ಲ.

ಏಳನೆಯದೂ ಕ್ಷೇಮವಾಗಿದೆ. ಆದರೆ ಸೇತುವೆಯ ಕೆಳಗೆ ಬೆಳಕು ಸಾಲದೆ ಫೋಟೊ ಸರಿ ಬರಲಿಲ್ಲ. ಇನ್ನೊಂದು ದಿನ ನೋಡುತ್ತೇನೆ. ನನ್ನ ಮಂಡಿಯ ವಿಚಾರ ನಿನಗೆ ಗೊತ್ತೇ ಇದೆ.

ಬೆರಿಲ್


ಹೋಬಾರ್ಟ್
2 ಏಪ್ರಿಲ್ 2024

ಪ್ರೀತಿಯ ಬೆರಿಲ್,

ಫೋಟೊ ಬಾರದಿದ್ದರೆ ಬಿಡು. ಪುಟವನ್ನೇ ಬಿಡಿಸಿಕೊಂಡು ಲಕೋಟೆಗೆ ಹಾಕು. ನಿಯಮಕ್ಕೆ ವಿರುದ್ಧ, ಗೊತ್ತು. ಡಬ್ಬಿಯ ಮಾಲೀಕ ನಾನು, ಅಪ್ಪಣೆ ಕೊಟ್ಟಿದ್ದೇನೆ.

ಆ ಪುಟದಲ್ಲಿ ಎಷ್ಟು ಸಾಲು ಇದೆ ಎಂದಾದರೂ ಬರೆ. ಒಂದೇ ಸಾಲೋ, ತುಂಬ ಇದೆಯೋ?

ಕ್ಲೈವ್


ಬರ್ಸ್ಲೆಮ್
21 ಏಪ್ರಿಲ್ 2024

ಏನಪ್ಪ ಕ್ಲೈವ್,

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಕನಿಂದ ಮುಚ್ಚಿಡುವಂಥದ್ದು ಏನಿದೆ? ನಿನ್ನ ಕಾಗದ ಬೇರೆಯವರ ಕೈಯಲ್ಲಿ ಬರೆದದ್ದು. ಅದೂ ಹೆಂಗಸಿನ ಕೈ. ನೀನು ಹುಟ್ಟಿದಾರಭ್ಯ ಒಂದು ಅಲ್ಪವಿರಾಮ ಹಾಕಿದವನಲ್ಲ, ಈ ಕಾಗದದಲ್ಲಿ ಎಲ್ಲವೂ ಅದರದರ ಜಾಗದಲ್ಲಿ ಕೂತಿದೆ. ಲಕೋಟೆಗೆ ಸ್ವಲ್ಪ ಲ್ಯಾವೆಂಡರ್ ವಾಸನೆ ಬೇರೆ. ಜೋನ್ ನಿನ್ನನ್ನು ಒಂಟಿ ಮಾಡಿ ತೀರಿಕೊಂಡು ಎಂಟು ವರ್ಷವಾಯಿತು, ನಾನೇನೂ ತಪ್ಪು ತಿಳಿಯುವವಳಲ್ಲ. ಹೆಸರಾದರೂ ಹೇಳಬಾರದೇ? ಅವಳಿಗೆಂದು ನಮ್ಮೂರ ಪಿಂಗಾಣಿ ಭಟ್ಟಿಗಳ ಚಿತ್ರ ಇರುವ ಒಂದು ಒರೆಸುಬಟ್ಟೆ ಇಟ್ಟಿದ್ದೇನೆ.

ಇಲ್ಲಿ ದಂಡೆಯ ದಾರಿ ನೀನು ಕಂಡ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಜಲ್ಲಿ ಹಾಕಿ, ಮೇಲೆ ಟಾರು ಹಾಕಿ ನುಣ್ಣಗೆ ಮಾಡಿದರು. ಈಗ ಸೈಕಲ್ಲಿನವರದ್ದೇ ರಾಜ್ಯ. ಗಂಟೆ ಹೊಡೆದರೆ ನನಗೆ ಕೇಳುವುದಿಲ್ಲ, ಕಿವುಡಿ ಎಂದು ಅವರಿಗೆ ತಿಳಿಯುವುದಿಲ್ಲ. ಮೊನ್ನೆ ಒಬ್ಬ ಬೈದುಕೊಂಡು ಹೋದ. ನಾನು ನಗುತ್ತ ಕೈ ಬೀಸಿದೆ.

ಪುಟದ ಬಗ್ಗೆ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ನೀನು ಅವಳ ಬಗ್ಗೆ ಬರೆ.

ಬೆರಿಲ್


ಹೋಬಾರ್ಟ್
14 ಮೇ 2024

ಬೆರಿಲ್,

ಅವಳ ಹೆಸರು ನೋಲೀನ್. ಪಕ್ಕದ ಮನೆಯಾಕೆ. ವಯಸ್ಸು ಎಪ್ಪತ್ತೆಂಟು, ಗಂಡ ಗಟ್ಟಿಮುಟ್ಟಾಗಿದ್ದಾನೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನಿನ್ನ ಕಾಗದಗಳನ್ನೂ ಅವಳೇ ಓದಿ ಹೇಳುವುದು. ಲ್ಯಾವೆಂಡರ್ ವಿಷಯ ಓದುವಾಗ ತುಂಬ ನಕ್ಕಳು. ಆಮೇಲೆ, "ಅಕ್ಕನಿಗೆ ಹೇಳ್ಬಿಡು ಕ್ಲೈವ್, ಇನ್ನೆಷ್ಟು ದಿನ ಪೆನ್ನಿನ ಮೇಲೆ ತಪ್ಪು ಹೊರಿಸ್ತೀಯ?" ಎಂದಳು.

ನನ್ನ ಕಣ್ಣು ಹೋಗುತ್ತಿದೆ. ಎರಡೂ. ನಡುವಿನಿಂದ ಶುರುವಾಗಿ ಸುತ್ತ ಹರಡುವ ಜಾತಿಯದು. ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಅವರ ಕಿವಿ ಕಾಣುತ್ತದೆ. ಬಲಗಣ್ಣಿನಲ್ಲಿ ಬೆರಳುದ್ದದ ಅಕ್ಷರವಾದರೆ ಇನ್ನೂ ಓದಬಲ್ಲೆ. ಬೇಸಿಗೆಯವರೆಗೆ, ಅಂದರೆ ನಮ್ಮ ಬೇಸಿಗೆ ಬರುವವರೆಗೆ, ಅದೂ ಉಳಿಯುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಇನ್ನು ವಿಮಾನ ಹತ್ತುವ ಮಾತಿಲ್ಲ. ಮನೆಯ ಮೆಟ್ಟಿಲನ್ನೇ ಎಣಿಸಿಕೊಂಡು ಇಳಿಯುತ್ತೇನೆ. ನಿನಗೆ ಫೋನಿನಲ್ಲಿ ಕೇಳುವುದಿಲ್ಲ, ನನಗೆ ಕಾಗದದಲ್ಲಿ ಕಾಣುವುದಿಲ್ಲ. ಒಳ್ಳೆ ಜೋಡಿ ನಾವು.

ಈಗ ನಿನ್ನ ಸರದಿ. ನೀನು ಆ ಪುಟ ಓದಿದ್ದೀಯ. ಅದರಲ್ಲಿರುವುದು ನನಗೆ ಹೇಳುವಂಥದ್ದಲ್ಲ, ಅದಕ್ಕೇ ಬೆಳಕು, ಮಂಡಿ, ಸೈಕಲ್ಲು ಎಂದು ಸುತ್ತು ಹಾಕುತ್ತಿದ್ದೀಯ. ನಾನು ಹೊರಟ ಬೆಳಿಗ್ಗೆ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. 1979, ಮಾರ್ಚ್. "ಈ ಊರಲ್ಲಿ ಹೊಗೆ ಬಿಟ್ಟರೆ ಇನ್ನೇನಿದೆ?" ಎಂದು ಅಮ್ಮನ ಮುಂದೆ ಕಪ್ ಕುಕ್ಕಿದೆ. ಕಪ್ ಮೇಜಿನ ಮೇಲೆ ಉಳಿಯಿತು, ಹಿಡಿಕೆ ನನ್ನ ಬೆರಳಲ್ಲಿ ಬಂತು. ಪಿಂಗಾಣಿ ಕಾರ್ಖಾನೆಯಲ್ಲಿ ಅವಳೇ ಹಿಡಿಕೆ ಕೂರಿಸಿದ ಕಪ್ ಅದು. ಅವಳು ಬೆನ್ನು ತಿರುಗಿಸಿ ಕಪ್ ತೊಳೆಯತೊಡಗಿದಳು. ನಾನು ಹಿಡಿಕೆಯನ್ನು ಮೇಜಿನ ಮೇಲಿಟ್ಟು ರೈಲು ಹಿಡಿದೆ. ಅವಳಿಗೆ ಆ ಸಿಟ್ಟು ಕೊನೆಯವರೆಗೂ ಇದ್ದಿದ್ದರೆ ನಾನು ತಪ್ಪು ಹೇಳುವುದಿಲ್ಲ. ಏನೇ ಬರೆದಿರಲಿ, ಅದು ಅವಳು ನನಗೆ ಬರೆದದ್ದು. ಕಣ್ಣಿರುವಾಗಲೇ ನೋಡಬೇಕು. ಕಳಿಸು.

ಕ್ಲೈವ್


ಬರ್ಸ್ಲೆಮ್
1 ಜೂನ್ 2024

ನನ್ನ ಮುದ್ದು ಕ್ಲೈವ್,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೆ ಕೂತವಳು ಚಹಾ ಆರಿಹೋಗುವವರೆಗೂ ಏಳಲಿಲ್ಲ. ಹೆಣ್ಣು, ಲ್ಯಾವೆಂಡರ್ ಎಂದೆಲ್ಲ ಬರೆದ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು. ಆಗಲೇ ಹೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಅಥವಾ ಹೇಳುತ್ತಿದ್ದೆನೇನೋ, ಇನ್ನೂ ಜಾಸ್ತಿ.

ಪುಟ ಇಲ್ಲ ಕ್ಲೈವ್. ಡಬ್ಬಿಯೇ ಇಲ್ಲ. ಮಾರ್ಚಿನಲ್ಲಿ ಹೋದಾಗ ಅಲ್ಲಿದ್ದದ್ದು ಬೇರೆ ಡಬ್ಬಿ. ಹಸಿರು ಮುಚ್ಚಳದ ಪ್ಲಾಸ್ಟಿಕ್ಕಿನದು, ಒಳಗೆ ಹೊಸ ಪುಸ್ತಕ, ಅದರ ತುಂಬ ಗುರುತಿಲ್ಲದವರ ಸಹಿ. ನಿನ್ನ ತಗಡಿನ ಡಬ್ಬಿಯ ಸುಳಿವಿಲ್ಲ. ಮೇ ತಿಂಗಳವರೆಗೆ ಐದು ಸಲ ಹೋಗಿ ನೋಡಿದೆ. ಹುಡುಕುವವರಿಗೆಂದು ನೀನು ಬರೆದ ಸುಳಿವಿನಂತೆ ದಾರಿಯಿಂದ ಮೇಲಕ್ಕೆ ಏಳನೇ ಸಾಲು, ಮೂಲೆಯಿಂದ ಮೂರನೇ ಇಟ್ಟಿಗೆ. ಡಬ್ಬಿ ಇದ್ದದ್ದು ಸಡಿಲ ಇಟ್ಟಿಗೆಯ ಹಿಂದೆ, ಇದೋ ಭದ್ರವಾಗಿ ಕೂತಿದೆ. ಅಕ್ಕಪಕ್ಕದವನ್ನೂ ಅಲ್ಲಾಡಿಸಿ ನೋಡಿದೆ.

ತಪ್ಪು ನನ್ನದು. ಬೇರೆ ಆರು ಡಬ್ಬಿಗಳನ್ನು ವರ್ಷಕ್ಕೆರಡು ಸಲ ನೋಡುತ್ತಿದ್ದೆ. ಏಳನೆಯದನ್ನು ಅಮ್ಮ ನನಗೆ ಮುಟ್ಟಗೊಡುತ್ತಿರಲಿಲ್ಲ, ಅವಳು ತೀರಿಕೊಂಡ ಮೇಲೆ ಅದರ ಹತ್ತಿರ ನನಗೆ ಹೋಗಲಾಗಲಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಜನ ಅಂತರ್ಜಾಲದಲ್ಲಿ ಬರೆಯುತ್ತಲೇ ಇದ್ದರು, ನಾನೂ ಸರಿ ಅಂದುಕೊಂಡೆ. ಅವರಿಗೆ ಸಿಗುತ್ತಿದ್ದದ್ದು ಯಾವುದೆಂದು ಕೇಳುವ ಬುದ್ಧಿ ಬರಲಿಲ್ಲ. ಅಮ್ಮನ ಕೈಬರಹವನ್ನು ನನ್ನ ಸುಪರ್ದಿಗೆ ಕೊಟ್ಟು ಹೋಗಿದ್ದೆ ನೀನು, ನಾನು ಕಳೆದುಬಿಟ್ಟೆ. ಇದನ್ನು ಬರೆಯಲು ಮೂರು ತಿಂಗಳು ಬೇಕಾಯಿತು.

ಇನ್ನೊಂದು. ಸೇತುವೆಗೆ ನೋಟಿಸು ಅಂಟಿಸಿದ್ದಾರೆ. ಸೆಪ್ಟೆಂಬರ್ 9, ಸೋಮವಾರದಿಂದ ಹಳೆಯ ಗಾರೆ ಕೆತ್ತಿ ಹೊಸದು ತುಂಬುತ್ತಾರಂತೆ. ಸಡಿಲ ಇಟ್ಟಿಗೆಗಳನ್ನೆಲ್ಲ ಗಟ್ಟಿ ಮಾಡುತ್ತಾರೆ.

ಆ ಕಪ್ಪಿನ ವಿಷಯ ನನಗೆ ಗೊತ್ತಿರಲಿಲ್ಲ. ಆ ಹೊತ್ತು ನಾನು ಕೆಲಸದಲ್ಲಿದ್ದೆ. ಆದರೆ ನಮ್ಮಮ್ಮ ಮೂವತ್ತೈದು ವರ್ಷ ಸಿಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ. ಅವಳಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು?

ಬೈಯುವುದಿದ್ದರೆ ನೋಲೀನ್ ಕೈಯಲ್ಲೇ ಬೈಸು.

ಬೆರಿಲ್


ಹೋಬಾರ್ಟ್
24 ಜೂನ್ 2024

ಪ್ರೀತಿಯ ಬೆರಿಲ್,

ಮೊದಲ ದಿನ ಬೈದೆ. (ನೋಲೀನ್ ಬರೆಯುತ್ತಿದ್ದೇನೆ: ಎರಡನೇ ದಿನವೂ. ಅದನ್ನು ನಾನು ಬರೆದುಕೊಳ್ಳಲಿಲ್ಲ.) ಮೂರನೇ ದಿನ ನಿನ್ನ ಕಾಗದ ಮತ್ತೆ ಓದಿಸಿದೆ. ಆಗ ಹೊಳೆಯಿತು. ಅಮ್ಮನ ಪುಟದಲ್ಲಿ ಏನಿದೆಯೆಂದು ನೀನು ಓದಿಯೇ ಇಲ್ಲ! ಅಂದರೆ ನಾನು ಮೂರು ತಿಂಗಳು ಹೆದರಿದ್ದೆಲ್ಲ ವ್ಯರ್ಥ. ಆ ನೆಮ್ಮದಿಗೇ ಅರ್ಧ ಸಿಟ್ಟು ಇಳಿಯಿತು.

ಇನ್ನರ್ಧ ಇಳಿದದ್ದು ಆ ಹಸಿರು ಮುಚ್ಚಳದಿಂದ. ಡಬ್ಬಿ ಕದ್ದವನು ಬದಲಿ ಡಬ್ಬಿ ಯಾಕಿಡುತ್ತಾನೆ? ಅದು ಕಳ್ಳನ ಕೆಲಸವಲ್ಲ, ಉಪಕಾರ ಮಾಡಲು ಹೋದವನ ಕೆಲಸ. ನಮ್ಮ ಆಟದಲ್ಲಿ ಇದೊಂದು ಕೆಟ್ಟ ಚಾಳಿ. ಹುಡುಕಿ ಹುಡುಕಿ ಸಿಗದಿದ್ದರೆ, "ಇಲ್ಲಿದ್ದದ್ದು ಕಳೆದುಹೋಗಿದೆ" ಎಂದು ತಾವೇ ತೀರ್ಮಾನಿಸಿ, ಜೇಬಿನಿಂದ ಹೊಸದೊಂದು ಡಬ್ಬಿ ತೆಗೆದಿಟ್ಟು, ಅದರಲ್ಲೇ ಸಹಿ ಮಾಡಿ, "ಸಿಕ್ಕಿತು" ಎಂದು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಬಂದವರೆಲ್ಲ ಅದನ್ನೇ ಕಾಣುತ್ತಾರೆ. ಹಳೆಯದು ಇದ್ದಲ್ಲೇ ಇರುತ್ತದೆ.

ಹೊಸ ಪುಸ್ತಕದ ಮೊದಲ ಸಹಿ ಯಾರದು ನೋಡು. ಆ ಮಹಾನುಭಾವನನ್ನು ಹಿಡಿ.

ಕ್ಲೈವ್


ಬರ್ಸ್ಲೆಮ್
20 ಜುಲೈ 2024

ಪ್ರೀತಿಯ ಕ್ಲೈವ್,

ಹಿಡಿದೆ. ಆಟದಲ್ಲಿ ಅವನ ಹೆಸರು "ಮೂರನೇ ಗೇರು". ನಿಜ ಹೆಸರು ರೋಲಂಡ್ ಹಲ್ಮ್, ನಿವೃತ್ತ ಬಸ್ ಡ್ರೈವರು, ಇರುವುದು ಲೀಕ್‌ನಲ್ಲಿ. ಅಂತರ್ಜಾಲದಲ್ಲಿ ನಾಲ್ಕು ಸಾಲು ಬರೆದು ಕಳಿಸಿದೆ. ಮರುದಿನವೇ ಎರಡು ಬಸ್ಸು ಬದಲಿಸಿ ಮನೆಗೆ ಬಂದ. ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತವನನ್ನು ನೋಡಿದರೆ ಹೆಡ್‌ಮಾಸ್ಟರ ಮುಂದೆ ಬಂದವನ ಹಾಗಿದ್ದ. ಬೈಯಲು ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ, ಎಲ್ಲ ಮರೆತುಹೋಯಿತು. ಬಾಣಲೆಗೆ ಬೇಕನ್ ಹಾಕಿದೆ.

ಅವನು ಹೇಳಿದ್ದಿಷ್ಟು. 2017ರ ಶರತ್ಕಾಲ. ಅವನ ಹೆಂಡತಿಗೆ ಹ್ಯಾನಾ ಪೋವಿಯ ಪದ್ಯಗಳೆಂದರೆ ಪ್ರಾಣ. ಆ ಪದ್ಯಗಳಿದ್ದ ಸೇತುವೆಗಳ ಏಳು ಡಬ್ಬಿಯನ್ನೂ ಇಬ್ಬರೂ ಸೇರಿ ಕಾಣಬೇಕೆಂದು ಹೊರಟಿದ್ದರು. ಆಕೆಗೆ ಆಗಲೇ ಹುಷಾರಿರಲಿಲ್ಲ. ಆರು ಸಿಕ್ಕವು, ಏಳನೆಯದು ಸಿಗಲಿಲ್ಲ. ಎರಡು ಗಂಟೆ ಹುಡುಕಿದರು. "ಅವಳು ಬೆಂಚಿನ ಮೇಲೆ ಕೂತು ನಡುಗ್ತಿದ್ಲು ಮೇಡಂ. ಸಿಗಲಿಲ್ಲ ಅಂತ ಹೇಳೋಕೆ ನನ್ನಿಂದ ಆಗ್ಲಿಲ್ಲ. ಕಾರಿನಲ್ಲಿ ಒಂದು ಡಬ್ಬಿ ಇತ್ತು. ಇಟ್ಟುಬಿಟ್ಟು, ಸಿಕ್ತು ಕಣೇ ಅಂತ ಕೂಗಿದೆ." ಅವಳು ಸಹಿ ಮಾಡಿದಳಂತೆ. ಆ ಕ್ರಿಸ್‌ಮಸ್‌ಗೆ ಹೋಗಿಬಿಟ್ಟಳಂತೆ.

ಇಂಥವನಿಗೆ ಏನೆಂದು ಬೈಯಲಿ, ಹೇಳು. ಎರಡನೇ ರೊಟ್ಟಿ ಹಾಕಿದೆ.

ತಿಂದು ಇಬ್ಬರೂ ಸೇತುವೆಗೆ ಹೋದೆವು. ಅವನು ಟಾರಿನ ಮೇಲೆ ಮಂಡಿಯೂರಿ, ಸುತ್ತಿಗೆಯ ಹಿಡಿಯಿಂದ ಒಂದೊಂದು ಇಟ್ಟಿಗೆಯನ್ನೂ ತಟ್ಟಿದ. ಏಳನೇ ಸಾಲು, ಎಂಟನೆಯದು, ಒಂಬತ್ತನೆಯದು. ಎಲ್ಲದರ ಸದ್ದೂ ಗಟ್ಟಿ ಎಂದ. ಕತ್ತಲೆಯ ಮೂಲೆಯಲ್ಲಿ ಟಾರ್ಚಿಗೂ ಏನೂ ಕಾಣಲಿಲ್ಲ. ನಿನ್ನ ಡಬ್ಬಿ ಇದ್ದಲ್ಲೇ ಇರಬಹುದು, ಆದರೆ ಆ ಜಾಗ ಯಾವುದೆಂದು ಈಗ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಇಟ್ಟಾಗ ಇದ್ದವರು ನೀನು ಮತ್ತು ಅಮ್ಮ. ನಾನು ಮೇಲೆ ಕಾರಿನಲ್ಲಿ ಕೂತು ಪದಬಂಧ ತುಂಬುತ್ತಿದ್ದೆ, ನನ್ನ ಕರ್ಮ.

ಏಳು ವಾರ ಉಳಿದಿದೆ. ನೆನಪಿಸಿಕೊ ಕ್ಲೈವ್.

ಬೆರಿಲ್


ಹೋಬಾರ್ಟ್
10 ಆಗಸ್ಟ್ 2024

ಪ್ರೀತಿಯ ಬೆರಿಲ್,

ನೆನಪಿಸಿಕೊಳ್ಳುವುದಕ್ಕೆ ಕಣ್ಣು ಬೇಕಾಗಿಲ್ಲ, ಅದೊಂದು ಉಪಕಾರ. ನಾಲ್ಕು ದಿನ ಕುರ್ಚಿಯಲ್ಲಿ ಕೂತು ಆ ಮಧ್ಯಾಹ್ನವನ್ನು ಮೊದಲಿಂದ ನಡೆದೆ.

ಅಮ್ಮ ಮಡಿಸುವ ಸ್ಟೂಲಿನ ಮೇಲೆ ಕೂತಿದ್ದಳು. ಪಕ್ಕದಲ್ಲೇ ಸೇತುವೆಯ ಮೂಲೆಗೆ ಹೊಡೆದ ಕಬ್ಬಿಣದ ಪಟ್ಟಿ. ದೋಣಿ ಎಳೆಯುವ ಕುದುರೆಗಳ ಹಗ್ಗ ನೂರು ವರ್ಷ ಉಜ್ಜಿ ಉಜ್ಜಿ ಅದರಲ್ಲಿ ಬೆರಳು ಹಿಡಿಯುವಷ್ಟು ಗೀರು ಬಿದ್ದಿವೆಯಲ್ಲ, ಎಲ್ಲಕ್ಕಿಂತ ಕೆಳಗಿನ ಗೀರಿನಲ್ಲಿ ಬೆರಳಿಟ್ಟು, ಪಾತ್ರೆ ತೊಳೆಯುವಾಗ ಹೇಳುತ್ತಿದ್ದ ಹ್ಯಾನಾ ಪೋವಿಯ ಪದ್ಯ ಹೇಳಿದಳು:

ಕುದುರೆ ಸಾಯುವುದು, ಹಗ್ಗ ಸವೆಯುವುದು,
ಗೀರು ಉಳಿವುದು ಕಬ್ಬಿಣದಲ್ಲಿ;
ಎಳೆದವರು ಯಾರೆಂದು ಕೇಳುವೆಯಾದರೆ
ಬೆರಳಿಟ್ಟು ನೋಡು ಕತ್ತಲಲ್ಲಿ.

ಆಮೇಲೆ ಬೆರಳನ್ನು ಗೀರಿನಿಂದ ನೇರವಾಗಿ ಗೋಡೆಯ ಮೇಲೆ ಎಳೆದುಕೊಂಡು ಹೋಗಿ, "ಇಲ್ಲಿಡು, ಕೂತಲ್ಲಿಂದಲೇ ನನ್ನ ಕೈಗೆ ಎಟುಕುತ್ತೆ" ಅಂದಳು. ಮೂರನೇ ಇಟ್ಟಿಗೆ. ನಾನು ಕೆಳಗಿನಿಂದ ಸಾಲು ಎಣಿಸಿದ್ದು ಆಮೇಲೆ, ಸುಳಿವು ಬರೆಯಲಿಕ್ಕೆ.

ಈಗ ಕೇಳು. ಆ ಕೆಳಗಿನ ಗೀರು ಅವತ್ತು ನನ್ನ ಮಂಡಿಗೆ ಬರುತ್ತಿತ್ತು. ಅದರ ಪಕ್ಕ ನಿಂತು ನೋಡು, ಇವತ್ತು ನಿನ್ನ ಕಾಲಿನಲ್ಲಿ ಎಲ್ಲಿಗೆ ಬರುತ್ತದೆ? ಜಲ್ಲಿ ಹಾಕಿದರು, ಟಾರು ಹಾಕಿದರು ಎಂದು ಏಪ್ರಿಲಿನಲ್ಲಿ ನೀನೇ ಬರೆದಿದ್ದೆ. ನೋಲೀನ್ ಮೊನ್ನೆ ಹಳೆಯ ಕಾಗದ ಓದುವಾಗ ಅಲ್ಲಿಗೆ ಬಂದು ನಿಂತಳು, ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ದಾರಿ ಎತ್ತರವಾಗಿದೆ ಬೆರಿಲ್. ಇಟ್ಟಿಗೆ ಇದ್ದಲ್ಲೇ ಇದೆ, ಎಣಿಸುವ ನೆಲ ಮೇಲೆ ಬಂದಿದೆ. ಸಾಲು ಎಣಿಸಬೇಡ. ಗೀರಿನಲ್ಲಿ ಬೆರಳಿಡು.

ಕ್ಲೈವ್


ಬರ್ಸ್ಲೆಮ್
31 ಆಗಸ್ಟ್ 2024

ಕ್ಲೈವ್, ಕ್ಲೈವ್, ನನ್ನ ತಮ್ಮಾ,

ಗೀರು ನನ್ನ ಕಾಲುಚೀಲದ ಅಂಚಿಗೆ ಬಂತು.

ರೋಲಂಡ್‌ನನ್ನು ಕರೆದುಕೊಂಡೇ ಹೋಗಿದ್ದೆ. ಬಿಟ್ಟು ಹೋಗಿದ್ದರೆ ಅವನು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಗೀರಿನಲ್ಲಿ ಬೆರಳಿಟ್ಟು ನೇರವಾಗಿ ಎಳೆದೆ. ನಾಲ್ಕನೇ ಸಾಲು, ಮೂರನೇ ಇಟ್ಟಿಗೆ, ಪಾಚಿ ಹಿಡಿದು ಹಸಿರಾಗಿತ್ತು. ಹಲ್ಲಿನ ಹಾಗೆ ಅಲ್ಲಾಡಿತು. ಹಿಂದೆ ನಿನ್ನ ತಗಡಿನ ಡಬ್ಬಿ. ರೋಲಂಡ್ ಆ ಟಾರಿನ ಮೇಲೆ ಕೂತು ಅತ್ತುಬಿಟ್ಟ. ನಾನೂ ಅತ್ತೆ. ಒಬ್ಬ ಸೈಕಲ್ಲಿನವನು ನಿಲ್ಲಿಸಿ, ಆಂಬುಲೆನ್ಸ್ ಬೇಕಾ ಎಂದು ಕೇಳಿದ.

ಒಳಗೆ ನೀರು ಹೋಗಿದೆ. ಪುಸ್ತಕ ಊದಿಕೊಂಡಿದೆ. ಪೆನ್ನಿನ ಸಹಿಗಳೆಲ್ಲ ನೀಲಿ ಮೋಡವಾಗಿವೆ. ಆದರೆ ಅಮ್ಮ ಬರೆದದ್ದು ಪೆನ್ಸಿಲಿನಲ್ಲಿ. ಒಂದಕ್ಷರವೂ ಹೋಗಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಎರಡು ದಿನ ಒಣಗಿಸಿ ಬಿಡಿಸಿದೆ. ಪುಟವನ್ನೂ, ಬೆರಳುದ್ದದ ಅಕ್ಷರಕ್ಕೆ ಹಿಗ್ಗಿಸಿದ ಅಚ್ಚನ್ನೂ ಇಟ್ಟಿದ್ದೇನೆ. ನೋಲೀನ್, ದಯವಿಟ್ಟು ಇಲ್ಲಿ ನಿಲ್ಲಿಸಿ, ಮೊದಲು ಅವನೇ ಓದಲಿ. ಆಗದಿದ್ದರೆ ಮಾತ್ರ ಮುಂದೆ ಓದಿ.

"7 ಮೇ 2011. ಸಿಕ್ಕಿತು.
ತೆಗೆದುಕೊಂಡದ್ದು: ಏನೂ ಇಲ್ಲ.
ಬಿಟ್ಟದ್ದು: ಕ್ಲೈವನ ಕಪ್ಪಿನ ಹಿಡಿಕೆ. ಕಪ್ ಮನೆಯಲ್ಲಿದೆ.
ಇದನ್ನು ಯಾರೂ ಒಯ್ಯಬೇಡಿ. ಅವನೇ ಬಂದು ತೆಗೆದುಕೊಳ್ಳುತ್ತಾನೆ.
ಎಲ್ಸಿ ಬ್ಲೂರ್"

ನಿನ್ನ ಆಟದ ನಿಯಮವನ್ನು ನಮ್ಮಮ್ಮ ಎಷ್ಟು ಸರಿಯಾಗಿ ಪಾಲಿಸಿದ್ದಾಳೆ ನೋಡು. ಏನು ತೆಗೆದೆ, ಏನು ಬಿಟ್ಟೆ, ಎಲ್ಲ ಬರೆದಿದ್ದಾಳೆ. ಹಿಡಿಕೆ ಡಬ್ಬಿಯ ತಳದಲ್ಲೇ ಇತ್ತು, ಅವಳ ಕರವಸ್ತ್ರದ ಚೂರಿನಲ್ಲಿ ಸುತ್ತಿಟ್ಟಿದ್ದಳು. ಆರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಜನ ಆ ಡಬ್ಬಿ ತೆರೆದಿದ್ದಾರೆ. ಗೋಲಿ ಒಯ್ದಿದ್ದಾರೆ, ಬ್ಯಾಡ್ಜು ಒಯ್ದಿದ್ದಾರೆ. ಇದನ್ನು ಒಬ್ಬರೂ ಮುಟ್ಟಿಲ್ಲ. ಪೆನ್ಸಿಲಿನಲ್ಲಿ ಬರೆದ ಕೆಲವರದ್ದು ಓದಲಾಗುತ್ತದೆ. "ಹಿಡಿಕೆ ಕ್ಷೇಮ." "ಕ್ಲೈವ್ ಇನ್ನೂ ಬಂದಿಲ್ಲ, ಹಿಡಿಕೆ ಇದೆ." ಒಬ್ಬಳು ಬರೆದಿದ್ದಾಳೆ, "ಬೇಗ ಬಾರಪ್ಪ ಕ್ಲೈವ್, ಚಹಾ ಆರುತ್ತಿದೆ."

ಆ ಕಪ್ ಯಾವುದು ಗೊತ್ತಾಯಿತೇ? ನಾನು ಇಷ್ಟು ವರ್ಷ ಪೆನ್ಸಿಲು ಹಾಕಿಡುತ್ತಿರುವುದು. ಒಂದು ಸಲ ಎಸೆಯಲು ಹೋದಾಗ ಅಮ್ಮ, "ಇರಲಿ ಬಿಡೇ, ಅದರ ಕೆಲಸ ಮುಗಿದಿಲ್ಲ" ಅಂದಿದ್ದಳು. ನಾನು ಜಿಪುಣತನ ಅಂದುಕೊಂಡಿದ್ದೆ.

ಹಿಡಿಕೆಯ ಮೇಲ್ತುದಿಯಲ್ಲಿ, ಕಪ್ಪಿಗೆ ಕೂಡುವಲ್ಲಿ, ಒಂದು ಸಣ್ಣ ಗುಳಿ ಇದೆ. ಅಮ್ಮನ ಹೆಬ್ಬೆರಳಿನದು. ಹಸಿ ಜೇಡಿಯಲ್ಲಿ ಒತ್ತಿ ಕೂರಿಸಿದ ಮೇಲೆ ಸ್ಪಂಜಿನಿಂದ ಒರೆಸಿ ಗುರುತು ಅಳಿಸಬೇಕಿತ್ತು. ಅವಳು ಅವಸರದಲ್ಲಿ ಮರೆಯುತ್ತಿದ್ದಳು, ಮೇಸ್ತ್ರಿ ಬೈಯುತ್ತಿದ್ದ, ಅಂಥವೆಲ್ಲ ಎರಡನೇ ದರ್ಜೆಗೆ ಹೋಗಿ ನಮ್ಮ ಮನೆಗೆ ಬರುತ್ತಿದ್ದವು. ನಾವು ಬೆಳೆದದ್ದೇ ಅವಳ ಹೆಬ್ಬೆರಳ ಗುರುತಿನ ಕಪ್ಪುಗಳಲ್ಲಿ.

ಹಿಡಿಕೆಯನ್ನು ಕಳಿಸಬೇಕೋ ಬೇಡವೋ ಎಂದು ವಾರ ಯೋಚಿಸಿದೆ. ಅವನೇ ಬಂದು ತೆಗೆದುಕೊಳ್ಳುತ್ತಾನೆ ಎಂದು ಅವಳು ಬರೆದಿದ್ದಾಳೆ. ನೀನು ವಿಮಾನ ಹತ್ತುವುದಿಲ್ಲ ಎಂದಿದ್ದೀಯ. ಕಳಿಸುತ್ತಿದ್ದೇನೆ, ಹತ್ತಿಯಲ್ಲಿ ಸುತ್ತಿದ್ದೇನೆ.

ಕಪ್ ಕಳಿಸುವುದಿಲ್ಲ. ಅದು ಇಲ್ಲೇ ಇರುತ್ತದೆ.

ನಿನ್ನ ಅಕ್ಕ,
ಬೆರಿಲ್


ಹೋಬಾರ್ಟ್
29 ಸೆಪ್ಟೆಂಬರ್ 2024

ಬೆರಿಲ್,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲು ಎಲ್ಲಿಗೆ ಹೋಗುತ್ತಿದೆಯೋ ಗೊತ್ತಿಲ್ಲ, ಹಿಂದೆ ಹಿಂದೆ ನೀನೇ ಹೋಗು.

ಪುಟ ಓದಿದೆ. ಬಲಗಣ್ಣಿನಲ್ಲಿ, ಒಂದೊಂದೇ ಅಕ್ಷರ, ಇಡೀ ಬೆಳಿಗ್ಗೆ. ನೋಲೀನ್ ಒಂದಕ್ಷರವನ್ನೂ ಹೇಳಿಕೊಡಲಿಲ್ಲ.

ಆಮೇಲೆ ಕಣ್ಣು ಮುಚ್ಚಿ ಹಿಡಿಕೆ ಹಿಡಿದೆ. ನನ್ನ ಹೆಬ್ಬೆರಳು ಅವಳ ಗುಳಿಯಲ್ಲಿ ಕೂತಿತು. ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ. ನಲವತ್ತೈದು ವರ್ಷ ಅವಳ ಮುಂದೆ ತಲೆತಗ್ಗಿಸಿಕೊಂಡಿದ್ದೆ ಬೆರಿಲ್. ಅವಳು ಕಪ್ ತೊಳೆದಿಟ್ಟು ಕಾಯುತ್ತಿದ್ದಳು.

ನೋಲೀನ್ ಮತ್ತು ಅವಳ ಗಂಡ ಮ್ಯಾಂಚೆಸ್ಟರಿನಲ್ಲಿರುವ ಮಗಳನ್ನು ನೋಡಲು ಹೊರಟಿದ್ದಾರೆ. ನವೆಂಬರ್ 6. ನಾನೂ ಅವರ ಜೊತೆ ಬರುತ್ತಿದ್ದೇನೆ. ಮೆಟ್ಟಿಲು ಎಣಿಸುವುದು ಅಭ್ಯಾಸವಾಗಿದೆ, ವಿಮಾನದ್ದನ್ನೂ ಎಣಿಸುತ್ತೇನೆ. ಹಿಡಿಕೆ ಎದೆಯ ಜೇಬಿನಲ್ಲಿರುತ್ತದೆ. ರೋಲಂಡ್‌ಗೆ ಅಂಟು ತರಲು ಹೇಳು.

ಕಪ್ಪಿನಿಂದ ಪೆನ್ಸಿಲುಗಳನ್ನು ತೆಗೆದಿಡು.

ಕ್ಲೈವ್